ಒನಗಾವಾ ಅಣುಸ್ಥಾವರ ಮತ್ತೆ ಚಾಲೂ ಆದ ಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಅಣುಸ್ಥಾವರ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಿಗೆ ಬರುವ ಹೆಸರು 2011ರ ಭೂಕಂಪ, ಸುನಾಮಿಗೆ ಸಿಕ್ಕಿ ಅಪಘಾತಕ್ಕೀಡಾದ ಫುಕುಶಿಮಾ. ಅದೇ ಕರಾವಳಿಯಲ್ಲಿ, ಅದೇ ಭೂಕಂಪದ ಕೇಂದ್ರಕ್ಕೆ ಫುಕುಶಿಮಾಗಿಂತಲೂ ಹತ್ತಿರದಲ್ಲಿ ಇನ್ನೊಂದು ಸ್ಥಾವರವಿತ್ತು. ಅದು ಉಳಿಯಿತು. ಉಳಿದರೂ 13 ವರ್ಷಕ್ಕೂ ಹೆಚ್ಚು ಕಾಲ ಒಂದು ಯುನಿಟ್ ಕರೆಂಟನ್ನೂ ಕೊಡದೆ ಸುಮ್ಮನೆ ನಿಂತಿತ್ತು. ಆ ಒನಗಾವಾ ಸ್ಥಾವರದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒನಗಾವಾ ಎಲ್ಲಿದೆ? ಎಂಥ ಊರು?

ಜಪಾನಿನ ಈಶಾನ್ಯಕ್ಕಿರುವ ಮಿಯಾಗಿ ಪ್ರಾಂತ್ಯದಲ್ಲಿ, ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡ ಒಶಿಕಾ ಎಂಬ ಪರ್ಯಾಯ ದ್ವೀಪವಿದೆ. ಬೆಟ್ಟ ನೇರ ಕಡಲಿಗೆ ಇಳಿಯುವ ಜಾಗ. ಸಣ್ಣ ಸಣ್ಣ ಕೊಲ್ಲಿಗಳು, ಒಂದೊಂದು ಕೊಲ್ಲಿಗೂ ಒಂದೊಂದು ಮೀನುಗಾರರ ಕೇರಿ. ಸಿಂಪಿ, ಸ್ಕಾಲಪ್, ಸಾಲ್ಮನ್ ಸಾಕಣೆ ಇಲ್ಲಿನವರ ಬದುಕು. ಸ್ಥಾವರದ ನೆಲದ ಒಂದು ಭಾಗ ಒನಗಾವಾ ಪಟ್ಟಣಕ್ಕೆ ಸೇರಿದ್ದು, ಇನ್ನೊಂದು ಭಾಗ ಪಕ್ಕದ ಇಶಿನೊಮಾಕಿ ನಗರಕ್ಕೆ. ನಡೆಸುವುದು ತೊಹೊಕು ಎಲೆಕ್ಟ್ರಿಕ್ ಪವರ್ ಕಂಪನಿ.

ಫುಕುಶಿಮಾದ ಕರೆಂಟು ಟೋಕಿಯೊಗೆ ಹೋಗುತ್ತಿತ್ತು, ಕಷ್ಟ ಮಾತ್ರ ಸ್ಥಳೀಯರಿಗೆ ಉಳಿಯಿತು ಎಂಬ ಮಾತನ್ನು ಕೇಳಿರುತ್ತೀರಿ. ಒನಗಾವಾಗೆ ಅದು ಪೂರ್ತಿ ಹೊಂದುವುದಿಲ್ಲ. ಇದು ತೊಹೊಕು, ಅಂದರೆ ಈಶಾನ್ಯ ಜಪಾನ್ ಸೀಮೆಯ ಕಂಪನಿ ತನ್ನ ಸೀಮೆಗಾಗಿಯೇ ಕಟ್ಟಿದ ಸ್ಥಾವರ.

ಎಷ್ಟು ರಿಯಾಕ್ಟರುಗಳಿವೆ?

ಕಟ್ಟಿದ್ದು 3. ಮೊದಲನೆಯದು 1984ರಲ್ಲಿ ಶುರುವಾಯಿತು. ಅದನ್ನು ಕಾಯಮ್ಮಾಗಿ ಮುಚ್ಚುವುದೆಂದು 2018ರಲ್ಲಿ ತೀರ್ಮಾನವಾಯಿತು. 1995ರಲ್ಲಿ ಶುರುವಾದ ಎರಡನೆಯದು 2024ರಲ್ಲಿ ಮತ್ತೆ ಚಾಲೂ ಆಯಿತು. ಇಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆಯೇ. 2002ರ ಮೂರನೆಯದು ಇನ್ನೂ ನಿಂತೇ ಇದೆ. ಎರಡನೆಯದರ ಸಾಮರ್ಥ್ಯ 825 ಮೆಗಾವಾಟ್. ನಮ್ಮ ಕೈಗಾದ 4 ಘಟಕಗಳನ್ನು ಕೂಡಿಸಿದರೆ 880 ಮೆಗಾವಾಟ್ ಆಗುತ್ತದೆ. ಇಲ್ಲಿ ಹೆಚ್ಚುಕಡಿಮೆ ಅಷ್ಟು ಒಂದೇ ರಿಯಾಕ್ಟರಿನಲ್ಲಿ.

2011ರ ಮಾರ್ಚ್ 11ರಂದು ಅಲ್ಲಿ ನಡೆದದ್ದೇನು?

ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9ರ ತೀವ್ರತೆಯ ಭೂಕಂಪ. ಅದರ ಕೇಂದ್ರ ಒನಗಾವಾದಿಂದ ಸುಮಾರು 125 ಕಿಲೋಮೀಟರ್ ದೂರ. ಅಷ್ಟು ಹತ್ತಿರ ಬೇರೆ ಯಾವ ಅಣುಸ್ಥಾವರವೂ ಇರಲಿಲ್ಲ. ಒಂದು ಮತ್ತು ಮೂರನೇ ರಿಯಾಕ್ಟರುಗಳು ಓಡುತ್ತಿದ್ದವು. ಎರಡನೆಯದನ್ನು ತಪಾಸಣೆ ಮುಗಿಸಿ ಅದೇ ಮಧ್ಯಾಹ್ನ ಚಾಲೂ ಮಾಡತೊಡಗಿದ್ದರು. ಇನ್ನೂ ಸರಿಯಾಗಿ ಬಿಸಿಯೇ ಏರಿರಲಿಲ್ಲ. ನೆಲ ನಡುಗಿದ್ದೇ ಮೂರೂ ತಾವಾಗಿ ನಿಂತವು. 13 ವರ್ಷಗಳ ನಂತರ ಮತ್ತೆ ಎದ್ದದ್ದು, ಅಂದು ಏಳುವ ಹೊತ್ತಿಗೇ ಮಲಗಿದ ಈ ಎರಡನೇ ರಿಯಾಕ್ಟರು.

ಗಾಯವೇ ಆಗಲಿಲ್ಲ ಅನ್ನುವುದು ಸುಳ್ಳು. ಹೊರಗಿನಿಂದ ಬರುವ 5 ವಿದ್ಯುತ್ ಮಾರ್ಗಗಳಲ್ಲಿ ಉಳಿದದ್ದು 1. ಮೊದಲ ಘಟಕದ ಟರ್ಬೈನ್ ಕಟ್ಟಡದ ನೆಲಮಾಳಿಗೆಯಲ್ಲಿ ವಿದ್ಯುತ್ ಫಲಕಕ್ಕೆ ಬೆಂಕಿ ಬಿತ್ತು. ಎರಡನೇ ಘಟಕಕ್ಕೆ ಕಡಲ ನೀರು ಕಿಂಡಿಯೊಂದರ ಮೂಲಕ ಒಳಗೆ ನುಗ್ಗಿ ತುರ್ತು ಡೀಸೆಲ್ ಜನರೇಟರುಗಳಲ್ಲಿ ಕೆಲವನ್ನು ಕೆಲಸಕ್ಕೆ ಬಾರದಂತೆ ಮಾಡಿತು. ಆದರೂ ಇಂಧನವನ್ನು ತಂಪಾಗಿಡಲು ಬೇಕಾದಷ್ಟು ಕರೆಂಟು, ಬೇಕಾದಷ್ಟು ನೀರು ಎರಡೂ ಕೈಲಿದ್ದವು. ಫುಕುಶಿಮಾದಲ್ಲಿ ಇಲ್ಲವಾದದ್ದು ಇವೇ.

ಫುಕುಶಿಮಾ ಮುಳುಗಿ ಒನಗಾವಾ ಉಳಿದದ್ದು ಹೇಗೆ?

ಒಂದೇ ಮಾತಲ್ಲಿ ಹೇಳುವುದಾದರೆ, ಎತ್ತರ. ಫುಕುಶಿಮಾ ದಾಯ್‌ಇಚಿ ಸ್ಥಾವರದ ಮುಖ್ಯ ನೆಲ ಕಡಲಮಟ್ಟದಿಂದ 10 ಮೀಟರ್ ಮೇಲಿತ್ತು. ಒನಗಾವಾದ್ದು 14.8 ಮೀಟರ್. ಅಂದು ಒನಗಾವಾ ಸ್ಥಾವರಕ್ಕೆ ಬಡಿದ ಸುನಾಮಿ ಸುಮಾರು 13 ಮೀಟರ್. ಅದರ ಮೇಲೆ ಭೂಕಂಪದಿಂದ ಇಡೀ ಪರ್ಯಾಯ ದ್ವೀಪವೇ ಸುಮಾರು 1 ಮೀಟರ್ ಕುಸಿದಿತ್ತು. ಲೆಕ್ಕ ಹಾಕಿ ನೋಡಿ: ನೀರಿಗೂ ನೆಲಕ್ಕೂ ಉಳಿದ ಅಂತರ ಒಂದು ಮಗುವಿನ ಎತ್ತರ.

14.8 ಎಂಬ ಅಂಕಿಯ ಹಿಂದೆ ಒಬ್ಬ ಎಂಜಿನಿಯರ್ ಇದ್ದಾರೆ, ಹಿರಾಯ್ ಯಾನೊಸುಕೆ. ತೊಹೊಕು ಎಲೆಕ್ಟ್ರಿಕ್‌ನ ಮಾಜಿ ಉಪಾಧ್ಯಕ್ಷರು. 1960ರ ದಶಕದ ಕೊನೆಯಲ್ಲಿ ಸ್ಥಾವರದ ಎತ್ತರ ನಿರ್ಧರಿಸುವ ಸಮಿತಿಯಲ್ಲಿದ್ದರು. ಆ ಕಾಲದ ಅಂದಾಜಿನಂತೆ ಅಲ್ಲಿಗೆ ಬರಬಹುದಾದ ಸುನಾಮಿ 3 ಮೀಟರ್ ಅಷ್ಟೆ. ಹಿರಾಯ್ ಕ್ರಿ.ಶ. 869ರ ಜೋಗನ್ ಸುನಾಮಿಯ ಮಾತು ತೆಗೆದರು. ಸಾವಿರ ವರ್ಷಕ್ಕೂ ಹಳೆಯ ದಾಖಲೆಯನ್ನು ಮುಂದಿಟ್ಟು ಸುಮಾರು 15 ಮೀಟರ್ ಬೇಕೇ ಬೇಕೆಂದು ಹಟ ಹಿಡಿದರು. ಸುನಾಮಿಗೆ ಮುನ್ನ ಕಡಲು ಹಿಂದೆ ಸರಿದಾಗಲೂ ತಂಪುಗೊಳಿಸುವ ನೀರು ಬತ್ತದಂತೆ, ನೀರೆಳೆಯುವ ಕಾಲುವೆಯಲ್ಲಿ ನೀರು ನಿಲ್ಲುವ ಹಾಗೆ ಮಾಡಿಸಿದರು. 1986ರಲ್ಲಿ ತೀರಿಕೊಂಡರು, ತಾವು ಹಿಡಿದ ಹಟ ಏನು ಉಳಿಸಿತೆಂದು ನೋಡಲು ಇರಲಿಲ್ಲ.

ಈ ಕತೆ ಜಪಾನಿನಲ್ಲಿ ಬಹಳ ಜನಪ್ರಿಯ. ಅದರ ಜೊತೆಗೆ ಇನ್ನೊಂದನ್ನೂ ಹೇಳದಿದ್ದರೆ ಕತೆ ಅರ್ಧ ಅಂತ ನನಗನ್ನಿಸುತ್ತದೆ. ಒನಗಾವಾ ಪಟ್ಟಣದ ಆಸ್ಪತ್ರೆ ಇದ್ದದ್ದು 16 ಮೀಟರ್ ಎತ್ತರದ ಗುಡ್ಡದ ಮೇಲೆ, ಸ್ಥಾವರದ ನೆಲಕ್ಕಿಂತಲೂ ಮೇಲೆ. ಸುನಾಮಿ ಆ ಆಸ್ಪತ್ರೆಯ ಕೆಳಮಹಡಿಗೂ ನುಗ್ಗಿತು. ಕೊಲ್ಲಿಯ ಆಕಾರ ಸ್ವಲ್ಪ ಬದಲಾದರೆ ನೀರಿನ ಎತ್ತರವೂ ಬದಲಾಗುತ್ತದೆ. ಹಿರಾಯ್ ದೂರದೃಷ್ಟಿ ದೊಡ್ಡದು, ನಿಜ. ಉಳಿದ ಆ ಒಂದು ವಿದ್ಯುತ್ ಮಾರ್ಗಕ್ಕೆ ಮಾತ್ರ ಅದೃಷ್ಟವೆಂದೇ ಹೆಸರಿಡಬೇಕು.

ಮನೆ ಕಳೆದುಕೊಂಡವರು ಸ್ಥಾವರದೊಳಗೇ ಆಶ್ರಯ ಪಡೆದರಂತೆ. ನಿಜವೇ?

ನಿಜ. ಸುಮಾರು 10 ಸಾವಿರ ಜನರ ಪಟ್ಟಣದಲ್ಲಿ 800ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಸುತ್ತಲಿನ ಕೇರಿಗಳು ಕೊಚ್ಚಿಹೋದವು, ರಸ್ತೆ ಕುಸಿದಿತ್ತು. ಬೆಳಕು ಕಾಣುತ್ತಿದ್ದ ಒಂದೇ ಜಾಗ ಸ್ಥಾವರ. ಜನ ಅಲ್ಲಿಗೇ ನಡೆದು ಬಂದರು, ಕಂಪನಿ ಬಾಗಿಲು ತೆರೆಯಿತು. ಒಂದು ಹಂತದಲ್ಲಿ 364 ಮಂದಿ ಅಲ್ಲಿನ ವ್ಯಾಯಾಮಶಾಲೆಯಲ್ಲಿ ಮಲಗುತ್ತಿದ್ದರು. ಕೆಲವರು ಜೂನ್‌ವರೆಗೂ ಇದ್ದರು. ದಕ್ಷಿಣದಲ್ಲಿ ಒಂದು ಅಣುಸ್ಥಾವರದಿಂದ ಜನ ಓಡಿಹೋಗುತ್ತಿದ್ದಾಗ ಇಲ್ಲಿ ಇನ್ನೊಂದರೊಳಕ್ಕೆ ಜನ ಓಡಿಬಂದಿದ್ದರು.

ಅಷ್ಟು ಗಟ್ಟಿಯಾಗಿ ನಿಂತ ಸ್ಥಾವರ ಮತ್ತೆ ಶುರುವಾಗಲು 13 ವರ್ಷ ಏಕೆ ಬೇಕಾಯಿತು?

ಹೆಚ್ಚು ಜನ ಕೇಳುವುದು ಇದನ್ನೇ. 2012ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು ನೋಡಿ, ಇಂಥ ಭೂಕಂಪಕ್ಕೆ ಈ ಸ್ಥಾವರಕ್ಕೆ ಆದ ಪೆಟ್ಟು ಅಚ್ಚರಿಪಡುವಷ್ಟು ಕಡಿಮೆ ಎಂದು ಹೇಳಿತ್ತು. ಆದರೆ ಆ ಹೊತ್ತಿಗೆ ಯಂತ್ರ ನಿಂತಿದೆಯೋ ಕುಸಿದಿದೆಯೋ ಎಂಬ ಪ್ರಶ್ನೆಯೇ ಹಿಂದೆ ಬಿದ್ದಿತ್ತು. ಸ್ಥಾವರ ನಡೆಸುವವರನ್ನು ನಂಬುವುದು ಹೇಗೆ ಎಂಬುದು ಮುಂದೆ ಬಂದಿತ್ತು.

ಅಪಘಾತಕ್ಕೆ ಮುಂಚೆ ಜಪಾನಿನಲ್ಲಿ 54 ರಿಯಾಕ್ಟರುಗಳಿದ್ದವು. ಆ ಕಾಲದ ಧೋರಣೆಗೆ ಜಪಾನೀಯರೇ ಇಟ್ಟ ಹೆಸರು 'ಅನ್‌ಜೆನ್ ಶಿನ್ವಾ', ಅಂದರೆ ಸುರಕ್ಷತೆಯ ಪುರಾಣ. ಏನೂ ಆಗುವುದಿಲ್ಲ ಎಂದು ಹೇಳಿ ಹೇಳಿ ಹೇಳುವವರೇ ನಂಬಿಬಿಟ್ಟಿದ್ದರು. ಅಪಘಾತವಾದ ಮೇಲೆ ಟಿವಿಯಲ್ಲಿ ದಿನಾ ಕೇಳಿಬಂದ ಪದ 'ಸೋತೇಯ್‌ಗಾಯ್': ಊಹೆಗೆ ಮೀರಿದ್ದು. ಆದರೆ ಒನಗಾವಾದಲ್ಲಿ ಅದನ್ನು 40 ವರ್ಷ ಮೊದಲೇ ಒಬ್ಬರು ಊಹಿಸಿದ್ದರಲ್ಲ! ಹಾಗಾಗಿ ಊಹೆಗೆ ಮೀರಿದ್ದು ಎಂಬ ಸಬೂಬು ಯಾರ ಬಾಯಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ.

2012ರ ಸೆಪ್ಟೆಂಬರಿನಲ್ಲಿ ಹಳೆಯ ನಿಯಂತ್ರಣ ಸಂಸ್ಥೆಯನ್ನು ಕಿತ್ತುಹಾಕಿ ಅಣು ನಿಯಂತ್ರಣ ಪ್ರಾಧಿಕಾರ ಎಂಬ ಹೊಸದನ್ನು ಕಟ್ಟಿದರು. 2013ರ ಜುಲೈನಿಂದ ಹೊಸ ನಿಯಮಗಳು ಜಾರಿಗೆ ಬಂದವು. ಪೆಟ್ಟು ತಿಂದದ್ದೋ ತಿನ್ನದ್ದೋ, ಪ್ರತಿ ರಿಯಾಕ್ಟರೂ ಮೊದಲಿನಿಂದ ಪರೀಕ್ಷೆ ಬರೆಯಬೇಕು. ತೊಹೊಕು ಎಲೆಕ್ಟ್ರಿಕ್ ಅರ್ಜಿ ಹಾಕಿದ್ದು 2013ರ ಡಿಸೆಂಬರಿನಲ್ಲಿ. ಪಾಸಾದದ್ದು 2020ರ ಫೆಬ್ರವರಿಯಲ್ಲಿ. ಒಂದು ಪರೀಕ್ಷೆಗೆ 6 ವರ್ಷ.

ಇಷ್ಟು ತಡವಾಗಲು ಇನ್ನೊಂದು ಕಾರಣ, ಒನಗಾವಾದ್ದು ಕುದಿನೀರಿನ ರಿಯಾಕ್ಟರ್, ಫುಕುಶಿಮಾದ ಜಾತಿಯದೇ. ಇದಕ್ಕೆ ಮುಂಚೆ ಮತ್ತೆ ಚಾಲೂ ಆದ 12 ರಿಯಾಕ್ಟರುಗಳೂ ಪಶ್ಚಿಮ ಜಪಾನಿನವು, ಒತ್ತಡನೀರಿನ ಬೇರೆ ಜಾತಿಯವು. ಕುದಿನೀರಿನದರಲ್ಲಿ ರಿಯಾಕ್ಟರಿನೊಳಗೆ ಎದ್ದ ಉಗಿಯೇ ನೇರ ಟರ್ಬೈನಿಗೆ ಹೋಗುತ್ತದೆ, ಸುತ್ತಲಿನ ರಕ್ಷಾಕವಚವೂ ಚಿಕ್ಕದು. ಹೀಗಾಗಿ ಒಳಗಿನ ಒತ್ತಡ ಏರಿದರೆ ವಿಕಿರಣವನ್ನು ಸೋಸಿ ಗಾಳಿ ಹೊರಬಿಡುವ ವ್ಯವಸ್ಥೆ ಬೇಕೆಂದರು. 2011ರ ನಂತರ ಈ ಜಾತಿಯಲ್ಲಿ ಮೊದಲು ಓಡಿದ್ದು ಒನಗಾವಾದ ಎರಡನೇ ರಿಯಾಕ್ಟರ್. ಪೂರ್ವ ಜಪಾನಿನಲ್ಲಿ ಮೊದಲನೆಯದೂ ಅದೇ.

ಹೊಸ ಗೋಡೆ ಎಷ್ಟು ಎತ್ತರ? ಖರ್ಚೆಷ್ಟು?

ಕಡಲಮಟ್ಟದಿಂದ 29 ಮೀಟರ್ ಎತ್ತರ, 800 ಮೀಟರ್ ಉದ್ದ. ಈಗ ಲೆಕ್ಕಕ್ಕೆ ಹಿಡಿದಿರುವ ಗರಿಷ್ಠ ಸುನಾಮಿ 23.1 ಮೀಟರ್. ಸುರಕ್ಷತಾ ಕೆಲಸಗಳಿಗೆಲ್ಲ ಸೇರಿ ಸುಮಾರು 57 ಸಾವಿರ ಕೋಟಿ ಯೆನ್. ಒಂದು ಕಾಲದಲ್ಲಿ 3 ಮೀಟರ್ ಅಂದಿದ್ದ ಜಾಗ ಇದು.

ಚಾಲೂ ಮಾಡಲು ಯಾರ ಒಪ್ಪಿಗೆ ಬೇಕು? ಜನರನ್ನು ಕೇಳಿದರೇ?

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಜಪಾನಿನಲ್ಲಿ ಆ ಪೂಜಾರಿಯ ಹೆಸರು 'ಜಿಮೊತೊ ದೋಯಿ', ಅಂದರೆ ಸ್ಥಳೀಯರ ಸಮ್ಮತಿ. ಕಾನೂನಿನಲ್ಲಿ ಎಲ್ಲೂ ಇದನ್ನು ಬರೆದಿಲ್ಲ. ಆದರೂ ಪ್ರಾಂತ್ಯದ ಗವರ್ನರ್ ಮತ್ತು ಸ್ಥಾವರವಿರುವ ಊರಿನ ಮೇಯರ್ ಹೂಂ ಅನ್ನದೆ ಯಾವ ಕಂಪನಿಯೂ ಗುಂಡಿ ಒತ್ತುವುದಿಲ್ಲ. ಬರೆಯದ ನಿಯಮವೇ ಬರೆದದ್ದಕ್ಕಿಂತ ಬಿಗಿ.

ಸ್ಥಳೀಯರು ಅಂದರೆ ಯಾರು ಎಂಬಲ್ಲೇ ಜಗಳ ಶುರು. ಸ್ಥಾವರದ ಸುತ್ತ 30 ಕಿಲೋಮೀಟರ್ ಒಳಗೆ 7 ಊರಾಡಳಿತಗಳಿವೆ, ಸುಮಾರು 1 ಲಕ್ಷ 90 ಸಾವಿರ ಜನರಿದ್ದಾರೆ. ಅಪಘಾತವಾದರೆ ಎಲ್ಲರೂ ಓಡಬೇಕಾದವರೇ. ಸಮ್ಮತಿ ಕೇಳಿದ್ದು ಮಾತ್ರ ಒನಗಾವಾ ಮತ್ತು ಇಶಿನೊಮಾಕಿಯನ್ನು. ಉಳಿದವರಲ್ಲಿ ಮಿಸಾತೊ ಎಂಬ ಪಟ್ಟಣದ ಮೇಯರ್ ಬೇಡವೆಂದು ಬಹಿರಂಗವಾಗಿಯೇ ಹೇಳಿದರು. ಓಡುವ ಪಟ್ಟಿಯಲ್ಲಿ ಹೆಸರಿದೆ, ಕೇಳುವ ಪಟ್ಟಿಯಲ್ಲಿ ಇಲ್ಲ.

ಜನಮತಗಣನೆ ಮಾಡಿ ಎಂದು ಮಿಯಾಗಿಯಲ್ಲಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. 2019ರ ಮಾರ್ಚಿನಲ್ಲಿ ಪ್ರಾಂತ್ಯದ ಶಾಸನಸಭೆ ಅದನ್ನು ತಳ್ಳಿಹಾಕಿತು. 2020ರ ಅಕ್ಟೋಬರಿನಲ್ಲಿ ಅದೇ ಸಭೆ ಪುನರಾರಂಭದ ಪರ ನಿಂತಿತು. ನವೆಂಬರ್ 11ರಂದು ಗವರ್ನರ್ ಮುರಾಯ್ ಯೊಶಿಹಿರೊ ಇಬ್ಬರು ಮೇಯರುಗಳೊಂದಿಗೆ ಕೂತು ಒಪ್ಪಿಗೆ ಘೋಷಿಸಿದರು. ಸುನಾಮಿಯಿಂದ ಜರ್ಜರಿತವಾಗಿದ್ದ ಪ್ರಾಂತ್ಯವೊಂದು ಹೀಗೆ ಒಪ್ಪಿದ್ದು ಅದೇ ಮೊದಲು.

ಊರಿನವರೇ ಏಕೆ ಒಪ್ಪಿದರು? ದುಡ್ಡಿಗಾಗಿಯೇ?

ದುಡ್ಡಿನ ಪಾಲು ದೊಡ್ಡದು. 1974ರ ಕಾನೂನುಗಳ ಪ್ರಕಾರ ಸ್ಥಾವರ ಬರಮಾಡಿಕೊಂಡ ಊರಿಗೆ ಸರಕಾರದ ಅನುದಾನ ಹರಿಯುತ್ತದೆ. ಜೊತೆಗೆ ಸ್ಥಾವರದ ಆಸ್ತಿ ತೆರಿಗೆ, ಗುತ್ತಿಗೆ ಕೆಲಸ, ತಪಾಸಣೆಗೆ ಬರುವವರಿಂದ ತುಂಬುವ ವಸತಿಗೃಹಗಳು. ಇದೇ ಕಡಲಿನ ಮೀನುಗಾರರು 1970ರ ದಶಕದಲ್ಲಿ ಸ್ಥಾವರವನ್ನು ವರ್ಷಗಟ್ಟಲೆ ವಿರೋಧಿಸಿ, ಕೊನೆಗೆ ಪರಿಹಾರ ಪಡೆದು ಒಪ್ಪಿದವರು. ಸುನಾಮಿಯ ನಂತರ ಊರಿನ ಜನಸಂಖ್ಯೆ ಬಹುತೇಕ ಅರ್ಧಕ್ಕೆ ಇಳಿದಿರುವಾಗ ಬೇಡ ಎನ್ನಲು ಗಟ್ಟಿ ಗುಂಡಿಗೆ ಬೇಕು. ದೂರದಲ್ಲಿ ಕೂತು ಅವರನ್ನು ದುಡ್ಡಿಗೆ ಬಿದ್ದವರು ಎನ್ನುವುದು ಸುಲಭ. ಆ ವ್ಯಾಯಾಮಶಾಲೆಯಲ್ಲಿ ಮಲಗಿದ್ದವರೂ ಅವರೇ ಎಂಬುದು ನೆನಪಿರಲಿ.

ಹಾಗಾದರೆ ವಿರೋಧ ಯಾವುದಕ್ಕೆ? ವಿಕಿರಣದ ಭಯವೇ?

ಭಯ ಇದ್ದೇ ಇದೆ. ಆದರೆ ಸಭೆಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆ ತೀರಾ ನೆಲಮಟ್ಟದ್ದು: ಓಡಲು ದಾರಿ ಯಾವುದು?

ಒಶಿಕಾ ಪರ್ಯಾಯ ದ್ವೀಪದ ನಕಾಶೆ ನೋಡಿದರೆ ತಿಳಿಯುತ್ತದೆ. ರಸ್ತೆಗಳು ಕಿರಿದು, ತಿರುವುಗಳೇ ಹೆಚ್ಚು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು. ಸ್ಥಾವರದಿಂದಾಚೆ ತುದಿಯಲ್ಲಿರುವವರು ಹೊರಬರಬೇಕಾದರೆ ಸ್ಥಾವರದ ಪಕ್ಕದಿಂದಲೇ ಹಾದುಬರಬೇಕು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಒಲೆಯ ಹತ್ತಿರವೇ ಹೋಗು ಎಂದ ಹಾಗೆ. ದ್ವೀಪಗಳವರಿಗೆ ದೋಣಿ, ಇಲ್ಲವೇ ಹೆಲಿಕಾಪ್ಟರ್. ಸಮುದ್ರ ಉಕ್ಕಿದ್ದರೆ ಎರಡೂ ಸಂಶಯ.

2024ರ ಜನವರಿ 1ರಂದು ಜಪಾನಿನ ಪಶ್ಚಿಮ ಕರಾವಳಿಯ ನೋತೊದಲ್ಲಿ ಭೂಕಂಪವಾದಾಗ ಈ ಪ್ರಶ್ನೆಗೆ ಜೀವ ಬಂತು. ನೋತೊ ಕೂಡ ಪರ್ಯಾಯ ದ್ವೀಪ, ಅಲ್ಲಿಯೂ ಶಿಕಾ ಎಂಬ ಸ್ಥಾವರವಿದೆ. ಅದು ಆಗ ನಿಂತಿತ್ತು. ರಸ್ತೆಗಳು ತುಂಡಾದವು, ಕಡಲತಳ ಮೇಲೆದ್ದು ಬಂದರುಗಳು ಬತ್ತಿದವು. ಸರಕಾರದ ಯೋಜನೆಯ ಪ್ರಕಾರ 5ರಿಂದ 30 ಕಿಲೋಮೀಟರ್ ನಡುವಿನವರು ಮೊದಲು ಮನೆಯೊಳಗೇ ಬಾಗಿಲು ಮುಚ್ಚಿ ಕೂರಬೇಕು. ನೋತೊದಲ್ಲಿ ಮನೆಗಳೇ ನೆಲಕಚ್ಚಿದ್ದವು. ಒನಗಾವಾ ಚಾಲೂ ಆದದ್ದು ಅದೇ ವರ್ಷದ ಕೊನೆಗೆ.

ಒಂದು ಬದಲಾವಣೆಯಂತೂ ಆಗಿದೆ. ಹತ್ತಿರದ ಇಜುಶಿಮಾ ದ್ವೀಪಕ್ಕೆ 2024ರ ಡಿಸೆಂಬರಿನಲ್ಲಿ ಸೇತುವೆ ಬಂತು. ದ್ವೀಪದವರು ದಶಕಗಳಿಂದ ಕೇಳುತ್ತಿದ್ದದ್ದು. ಅದರ ಉದ್ದ 364 ಮೀಟರ್. ಸ್ಥಾವರದಲ್ಲಿ ಆಶ್ರಯ ಪಡೆದವರ ಸಂಖ್ಯೆಯೂ ಅದೇ. ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.

ಕೋರ್ಟಿಗೆ ಹೋಗಲಿಲ್ಲವೇ?

ಹೋದರು. ಇಶಿನೊಮಾಕಿಯ ನಿವಾಸಿಗಳು 2021ರಲ್ಲಿ, ಅಪಘಾತವಾದರೆ ಜನರನ್ನು ಹೊರಗೊಯ್ಯುವ ತೆರವು ಯೋಜನೆ ಕಾಗದದಲ್ಲಷ್ಟೇ ಇದೆ, ಆದ್ದರಿಂದ ಚಾಲೂ ಮಾಡಬಾರದು ಎಂದು ದಾವೆ ಹೂಡಿದರು. ಸೆಂದಾಯ್ ಜಿಲ್ಲಾ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಅದನ್ನು ವಜಾ ಮಾಡಿತು. ಅಪಘಾತ ಆಗುವ ನಿರ್ದಿಷ್ಟ ಅಪಾಯವನ್ನು ನೀವು ತೋರಿಸಿಕೊಟ್ಟಿಲ್ಲ ಎಂಬುದು ಅದರ ತರ್ಕ. ಹೈಕೋರ್ಟ್ ಕೂಡ 2024ರ ನವೆಂಬರಿನಲ್ಲಿ ನಿವಾಸಿಗಳ ವಿರುದ್ಧವೇ ತೀರ್ಪಿತ್ತಿತು. ಅಷ್ಟರಲ್ಲಿ ರಿಯಾಕ್ಟರು ಓಡತೊಡಗಿತ್ತು. ವಿಚಿತ್ರವೆಂದರೆ ಇಬಾರಾಕಿ ಪ್ರಾಂತ್ಯದ ತೊಕಾಯ್ ಎರಡನೇ ಅಣುಸ್ಥಾವರದ ವಿಷಯದಲ್ಲಿ ಮಿತೊ ಜಿಲ್ಲಾ ನ್ಯಾಯಾಲಯ 2021ರಲ್ಲಿ ತೆರವು ಯೋಜನೆ ಸಾಲದು ಎಂಬ ಕಾರಣಕ್ಕೇ ತಡೆ ಕೊಟ್ಟಿತ್ತು. ಅದೇ ದೇಶ, ಅದೇ ವಾದ, ಎರಡು ತೀರ್ಪು.

ಮತ್ತೆ ಚಾಲೂ ಮಾಡುವುದು ಅಂದರೆ ನಿಜಕ್ಕೂ ಏನು ಮಾಡುತ್ತಾರೆ?

ಜಪಾನೀಯರು ಇದಕ್ಕೆ 'ಸಾಯ್‌ಕಾದೋ' ಅನ್ನುತ್ತಾರೆ. ಈ ರಿಯಾಕ್ಟರಿನಲ್ಲಿ 560 ಇಂಧನ ಕಂತೆಗಳು, ಅವುಗಳ ನಡುವೆ ಕೆಳಗಿನಿಂದ ತೂರಿಸಿದ 137 ನಿಯಂತ್ರಣ ಸರಳುಗಳು. ಸರಳು ಒಳಗಿದ್ದರೆ ಅಣು ಒಡೆಯುವ ನ್ಯೂಟ್ರಾನ್ ಕಣಗಳನ್ನು ಅದು ನುಂಗಿಕೊಳ್ಳುತ್ತದೆ, ಎಲ್ಲ ಶಾಂತ. ಸರಳುಗಳನ್ನು ಲೆಕ್ಕಾಚಾರದಂತೆ ನಿಧಾನವಾಗಿ ಎಳೆಯುತ್ತ ಹೋದರೆ ಒಂದು ಹಂತದಲ್ಲಿ ವಿದಳನ, ಅಂದರೆ ಅಣು ಒಡೆಯುವ ಕ್ರಿಯೆ, ತಾನೇ ತಾನಾಗಿ ಮುಂದುವರಿಯುತ್ತದೆ. ಆಮೇಲೆ ಬಿಸಿ, ಉಗಿ, ಟರ್ಬೈನ್, ಗ್ರಿಡ್.

2024ರ ಅಕ್ಟೋಬರ್ 29ರ ಸಂಜೆ 7 ಗಂಟೆಗೆ ಸರಳು ಎಳೆಯತೊಡಗಿದರು, ಮಧ್ಯರಾತ್ರಿ ದಾಟುತ್ತಲೇ ವಿದಳನ ಹಿಡಿಯಿತು. ನವೆಂಬರ್ 3ಕ್ಕೆ ಗ್ರಿಡ್‌ಗೆ ಜೋಡಿಸಿದರು. ಅದೇ ದಿನ, ನ್ಯೂಟ್ರಾನ್ ಅಳೆಯುವ ಉಪಕರಣಗಳನ್ನು ಸರಿಹೊಂದಿಸುವ ಒಂದು ಸಾಧನ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಮರುದಿನ ರಿಯಾಕ್ಟರನ್ನೇ ನಿಲ್ಲಿಸಬೇಕಾಯಿತು. ಹುಡುಕಿದರೆ ಕಾರಣ ಒಂದು ನಟ್ಟು, ಗಟ್ಟಿಯಾಗಿ ಬಿಗಿದಿರಲಿಲ್ಲ. 57 ಸಾವಿರ ಕೋಟಿ ಯೆನ್ ಸುರಿದ ಮೇಲೆ ಒಂದು ನಟ್ಟು! ನವೆಂಬರ್ 13ಕ್ಕೆ ಮತ್ತೆ ಹಚ್ಚಿದರು, ಡಿಸೆಂಬರ್ 26ರಿಂದ ವಾಣಿಜ್ಯ ಉತ್ಪಾದನೆ.

ಇಷ್ಟು ಕಾಲ ನಿಂತಿದ್ದರಿಂದ ತುಕ್ಕು ಹಿಡಿಯುವುದು ಬರಿ ಯಂತ್ರಕ್ಕಲ್ಲ. ಓಡುವ ರಿಯಾಕ್ಟರನ್ನು ಒಮ್ಮೆಯೂ ನೋಡದ ಯುವ ಆಪರೇಟರುಗಳು ಅಲ್ಲಿ ಬಹಳ ಮಂದಿ ಇದ್ದರು. ಅವರನ್ನು ಉಷ್ಣವಿದ್ಯುತ್ ಸ್ಥಾವರಗಳಿಗೆ ಕಳಿಸಿ, ಉಗಿ ಹರಿಯುವ ಸದ್ದು, ಕೊಳವೆಯ ಕಾವು ಹೇಗಿರುತ್ತದೆಂದು ತೋರಿಸಿದರು.

ಜನರ ಕರೆಂಟ್ ಬಿಲ್ ಇಳಿಯಿತೇ?

ಇಲ್ಲ. 2023ರ ಜೂನಿನಲ್ಲಿ ದರ ಏರಿಸುವಾಗಲೇ ಒನಗಾವಾ ಚಾಲೂ ಆಗುತ್ತದೆಂದು ಲೆಕ್ಕಕ್ಕೆ ಹಿಡಿದಿದ್ದರು. ಏರಿಕೆ ಸ್ವಲ್ಪ ಕಡಿಮೆಯಾಯಿತು ಅಷ್ಟೆ.

ಉರಿದ ಇಂಧನ ಎಲ್ಲಿಗೆ ಹೋಗುತ್ತದೆ?

ಸದ್ಯಕ್ಕೆ ಎಲ್ಲಿಗೂ ಇಲ್ಲ. ಅದನ್ನು ಸಂಸ್ಕರಿಸಬೇಕಾದ ರೊಕ್ಕಾಶೊ ಕಾರ್ಖಾನೆಯ ಕೆಲಸ 1993ರಲ್ಲಿ ಶುರುವಾಗಿ ಇಪ್ಪತ್ತಕ್ಕೂ ಹೆಚ್ಚು ಸಲ ಮುಂದೂಡಲ್ಪಟ್ಟಿದೆ. ಒನಗಾವಾದ ತಂಪುಕೊಳ ಕೆಲವೇ ವರ್ಷಗಳಲ್ಲಿ ತುಂಬುತ್ತದೆ. ಹಾಗಾಗಿ ಸ್ಥಾವರದ ಆವರಣದಲ್ಲೇ ಒಣ ಪೆಟ್ಟಿಗೆಗಳಲ್ಲಿ ಇಡುವ ಯೋಜನೆ ಮಾಡಿದ್ದಾರೆ. ತಾತ್ಕಾಲಿಕ ಎಂದಿದ್ದಾರೆ. ಒಪ್ಪಿಗೆ ಕೊಟ್ಟ ಊರಿಗೆ ಈಗ ಇರುವ ದೊಡ್ಡ ದಿಗಿಲು ಆ ತಾತ್ಕಾಲಿಕ ಎಂಬ ಪದದ್ದೇ.

ಜಪಾನಿನ ಒಟ್ಟು ಜನಾಭಿಪ್ರಾಯ ಬದಲಾಗಿದೆಯೇ?

ಬದಲಾಗಿದೆ. ಉಕ್ರೇನ್ ಯುದ್ಧದ ನಂತರ ಅನಿಲದ ಬೆಲೆ ಏರಿತು. 2023ರ ಫೆಬ್ರವರಿಯಲ್ಲಿ ಅಸಾಹಿ ಪತ್ರಿಕೆಯ ಸಮೀಕ್ಷೆಯಲ್ಲಿ ಪುನರಾರಂಭದ ಪರ 51, ವಿರುದ್ಧ 42 ಶೇಕಡಾ ಬಂತು. ಅಪಘಾತದ ನಂತರ ಪರ ಇರುವವರು ಅರ್ಧ ದಾಟಿದ್ದು ಅದೇ ಮೊದಲು. 2025ರ ಇಂಧನ ನೀತಿಯಿಂದ, ಅಣುಶಕ್ತಿಯ ಅವಲಂಬನೆಯನ್ನು ಆದಷ್ಟು ತಗ್ಗಿಸಬೇಕು ಎಂಬ ಸಾಲನ್ನು ಸರಕಾರ ಸದ್ದಿಲ್ಲದೆ ತೆಗೆಯಿತು.

ಆದರೂ ಚಾಲೂ ಆದದ್ದು ಓಡುತ್ತಲೇ ಇರುತ್ತದೆಂದು ಹೇಳಲಾಗದು. ಭಯೋತ್ಪಾದಕ ದಾಳಿಯಾದರೂ ರಿಯಾಕ್ಟರನ್ನು ನಿಭಾಯಿಸಲು ಬೇರೆಯೇ ಒಂದು ಕೇಂದ್ರ ಕಟ್ಟಬೇಕೆಂಬ ನಿಯಮವಿದೆ. ಗಡುವು ತಪ್ಪಿದ್ದಕ್ಕೆ ದಕ್ಷಿಣದ ಕ್ಯೂಶು ದ್ವೀಪದ ಸೆಂದಾಯ್ ಸ್ಥಾವರವನ್ನು (ಮಿಯಾಗಿಯ ಸೆಂದಾಯ್ ನಗರ ಬೇರೆ) 2020ರಲ್ಲಿ ನಿಲ್ಲಿಸಿದ್ದರು.

ಕೈಗಾದಲ್ಲಿ ಹೀಗಾಗಬಹುದೇ?

ಹೋಲಿಕೆ ಅಷ್ಟಾಗಿ ಕೂಡದು. ಕೈಗಾ ಕಡಲಿನಿಂದ ಒಳಗೆ, ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿದೆ, ಭಾರಜಲದ ಬೇರೆ ಜಾತಿಯ ರಿಯಾಕ್ಟರುಗಳು. ಭಾರತದಲ್ಲಿ ಒನಗಾವಾದ ಕುದಿನೀರಿನ ಜಾತಿಗೆ ಸೇರಿದವು 1969ರ ತಾರಾಪುರದ ಮೊದಲ ಎರಡು ಘಟಕಗಳು.

ಈಗ ಒನಗಾವಾಗೆ ಹೋದರೆ ಏನು ಕಾಣುತ್ತದೆ?

ರೈಲು ಇಳಿದರೆ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಮಾಡಿರುವ ಬಿಳಿ ನಿಲ್ದಾಣ, ವಾಸ್ತುಶಿಲ್ಪಿ ಬಾನ್ ಶಿಗೆರು ವಿನ್ಯಾಸ. ಒಳಗೇ ಬಿಸಿನೀರಿನ ಸ್ನಾನಗೃಹವಿದೆ. ಎದುರಿಗೆ ಅಂಗಡಿಬೀದಿ, ಅದರ ತುದಿಗೆ ನೇರ ಕಡಲು. ಸುನಾಮಿಯ ನಂತರ ಈ ಕರಾವಳಿಯ ಊರೂರಿಗೂ ಕಾಂಕ್ರೀಟ್ ಗೋಡೆ ಎದ್ದಿತು. ಒನಗಾವಾ ಪಟ್ಟಣ ಮಾತ್ರ ಕಡಲನ್ನು ಮರೆಮಾಡುವ ಗೋಡೆ ಬೇಡವೆಂದು, ನೆಲವನ್ನೇ ಏರಿಸಿ ಮನೆಗಳನ್ನು ಗುಡ್ಡಕ್ಕೆ ಒಯ್ದಿತು. 29 ಮೀಟರ್ ಗೋಡೆ ಇರುವುದು ಸ್ಥಾವರಕ್ಕೆ.

ಕಡಲ ಬದಿಯಲ್ಲಿ ಸುನಾಮಿ ಬುಡಮೇಲು ಮಾಡಿದ ಪೊಲೀಸ್ ಚೌಕಿಯನ್ನು ಹಾಗೇ ಬಿಟ್ಟಿದ್ದಾರೆ. ಇನ್ನು ಕೊಲ್ಲಿಗಳ ಕಡೆ ನಡೆದರೆ ಅಲ್ಲಲ್ಲಿ ಕರಿಕಲ್ಲುಗಳು ಕಾಣುತ್ತವೆ, ಒಟ್ಟು 21. ಸುನಾಮಿ ಕಂಡ ಊರಿನ ಶಾಲಾಮಕ್ಕಳು ತಾವೇ ಚಂದಾ ಎತ್ತಿ, ಒಂದೊಂದು ಕೇರಿಯಲ್ಲೂ ನೀರು ತಲುಪಿದ್ದಕ್ಕಿಂತ ಎತ್ತರದಲ್ಲಿ ನೆಡಿಸಿದ್ದು. ಕೊನೆಯ ಕಲ್ಲು ನಿಂತಾಗ 2021. ನೆಡಲು ಹೊರಟ ಮಕ್ಕಳು ಆಗ ಇಪ್ಪತ್ತು ದಾಟಿದ್ದರು. ದೊಡ್ಡ ಭೂಕಂಪವಾದರೆ ಈ ಕಲ್ಲಿಗಿಂತ ಮೇಲಕ್ಕೆ ಓಡಿ ಎಂದು ಅದರ ಮೇಲೆ ಬರೆಸಿದ್ದಾರೆ.